ನೂರ ಎಂಬತ್ತೊಂದನೆಯ ಗೈರು

ಹಾಜರಿ ಕರೆಯುವಾಗ ನಾನು ತಲೆ ಎತ್ತುತ್ತಿರಲಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಬೇಕು. ಕೊನೆಗೆಂದು ಉಳಿಸಿಕೊಂಡರೆ ಅಷ್ಟರೊಳಗೆ ಇದಕ್ಕೊಂದು ಒಳ್ಳೆಯ ಕಾರಣ ಹುಟ್ಟಿಸಿಕೊಂಡಿರುತ್ತೇನೆ. ನನ್ನ ನೆನಪು ಆ ಕೆಲಸದಲ್ಲಿ ಬಹಳ ಚುರುಕು.

ಬೀದರಿನ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವುದು ನನ್ನ ಉದ್ಯೋಗ. ಬೆಳಗಿನ ಮೊದಲ ಪಾಠ ಒಂಬತ್ತೂವರೆಗೆ. ಉದ್ದನೆಯ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿ, ಹೆಸರುಗಳನ್ನು ಬಿಟ್ಟು ನಂಬರುಗಳನ್ನಷ್ಟೇ ಕೂಗುತ್ತಿದ್ದೆ. 'ಯಸ್ ಸರ್' ಎಂದು ಕೇಳಿದರೆ ಒಂದು ಗೀಟು, ಏನೂ ಕೇಳದಿದ್ದರೆ ಒಂದು ಚುಕ್ಕೆ. ನೂರು ನಂಬರು ಮೂರು ನಿಮಿಷದಲ್ಲಿ ಮುಗಿಯುತ್ತಿದ್ದವು. ಸ್ಟಾಫ್ ರೂಮಿನಲ್ಲಿ ಇದು ನನ್ನ ಹೆಗ್ಗಳಿಕೆಯಾಗಿತ್ತು. ನಮ್ಮಲ್ಲೊಬ್ಬರಿಗೆ ಇದೇ ಕೆಲಸಕ್ಕೆ ಹತ್ತು ನಿಮಿಷ ಬೇಕಾಗುತ್ತಿತ್ತು, ಏಕೆಂದರೆ ಅವರು ಪ್ರತಿ ನಂಬರಿಗೂ ಒಮ್ಮೆ ಕತ್ತೆತ್ತಿ ಮುಖ ನೋಡುತ್ತಿದ್ದರು. ಅವರನ್ನು ನಾವು ಮಂದಗತಿಯವರು ಎಂದು ನಗುತ್ತಿದ್ದೆವು.

ತರಗತಿಯ ನೂರು ಜನರಲ್ಲಿ ನಲವತ್ತು ಮಂದಿ ಭಾಲ್ಕಿಯವರು, ಮೂವತ್ತು ಮಂದಿ ಔರಾದದವರು. ಉಳಿದವರು ಬೀದರಿನವರು ಮತ್ತು ಅಷ್ಟೂರ, ಬಗದಲ್ಲಿನ ಕಡೆಯವರು. ಭಾಲ್ಕಿಯವರು ಬೆಳಗಿನ ರೈಲಿಗೆ ಬಂದು ಎಡಗಡೆ, ಕಿಟಕಿಯ ಪಕ್ಕ ಕೂರುತ್ತಿದ್ದರು. ಔರಾದಕ್ಕೆ ರೈಲಿಲ್ಲ. ಅಲ್ಲಿಂದ ಕಾಲೇಜಿನ ಹೊತ್ತಿಗೆ ಬರುವುದು ಒಂದೇ ಬಸ್ಸು. ಅದರಲ್ಲಿ ಬರುವವರು ಬಲಗಡೆ ಬಾಗಿಲಿನ ಪಕ್ಕ ಕೂರುತ್ತಿದ್ದರು, ತಡವಾದರೆ ಬಾಗಿ ಒಳಗೆ ನುಸುಳಲು ಅನುಕೂಲವೆಂದು. ಆದರೆ ಆ ಬಸ್ಸು ತಡವಾದರೆ ಐದು ಹತ್ತು ನಿಮಿಷ ತಡವಾಗುವ ಜಾತಿಯದಲ್ಲ. ನನ್ನ ಪಾಠ ಮುಗಿದು, ಇನ್ನೊಬ್ಬರ ಪಾಠ ಅರ್ಧವಾದ ಮೇಲೆ ಬರುತ್ತಿತ್ತು.

ಆ ಸೆಮಿಸ್ಟರಿನಲ್ಲಿ ನಾನು ಎಷ್ಟು ಪಾಠ ಮಾಡಬೇಕಿತ್ತು ಎನ್ನುವುದು ಬೇಡ. ಜಯಂತಿಗಳು, ಕ್ರೀಡಾಕೂಟ, ಚುನಾವಣೆಯ ಡ್ಯೂಟಿ, ಯಾರೋ ಗಣ್ಯರು ಬರುತ್ತಾರೆಂದು ಅಂಗಳ ಗುಡಿಸಿದ ದಿನ, ಅವರು ಬರಲಿಲ್ಲವೆಂದು ಸುಮ್ಮನೆ ಕೂತ ದಿನ, ಎಲ್ಲ ಕಳೆದು, ಹಾಜರಿಯ ಲೆಕ್ಕ ಮುಚ್ಚುವ ದಿನಕ್ಕೆ ಇಪ್ಪತ್ತನಾಲ್ಕು ಉಳಿದವು. ಪರೀಕ್ಷೆಗೆ ಕೂರಲು ನೂರಕ್ಕೆ ಎಪ್ಪತ್ತೈದು ಹಾಜರಿ ಬೇಕು. ಅಂದರೆ ಹದಿನೆಂಟು ಗೀಟು. ನಾವು ಎಷ್ಟು ಪಾಠ ತಪ್ಪಿಸಿದೆವು ಎನ್ನುವುದಕ್ಕೆ ಅಂಥ ನಿಯಮವೇನೂ ಇಲ್ಲ.

ಕಾಲೇಜಿಗೆ ದರ್ಜೆ ಕೊಡುವ ಸಮಿತಿಯೊಂದು ಬರುವುದಿತ್ತು. ಸಮಿತಿಯವರಿಗೆ ತೋರಿಸಲು ಸಂಶೋಧನೆ ಬೇಕಾಗಿತ್ತು. ಪ್ರಿನ್ಸಿಪಾಲರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಅವರು ಭಾಲ್ಕಿಯವರು. ಈ ಸಂಗತಿಯನ್ನು ಅವರು ಸ್ವಾಗತ ಭಾಷಣದಲ್ಲಿ ಒಮ್ಮೆ, ವಂದನಾರ್ಪಣೆಯಲ್ಲಿ ಒಮ್ಮೆ ಹೇಳುತ್ತಿದ್ದರು.

"ಈ ಔರಾದದ ಮಂದಿ ಬರಾದೇ ಇಲ್ಲರಿ ಸರ. ಭಾಲ್ಕಿ ಹುಡುಗುರ್ನ ನೋಡ್ರಿ, ಗಡಿಯಾರ ಇದ್ದಂಗ. ಇದನ್ನ ನಿಮ್ಮ ಶಾಸ್ತ್ರದಾಗ ಸಾಬೀತ ಮಾಡಿ ಕೊಡ್ರಿ."

"ಸಾಬೀತ ಅನ್ನಲಿಕ್ಕ ಬರಂಗಿಲ್ಲರಿ ಸರ. ಶೂನ್ಯ ಊಹೆಯನ್ನ ತಿರಸ್ಕಾರ ಮಾಡ್ತೇವಿ ಅನ್ನಬೇಕು."

"ಯಾರನ್ನರೆ ತಿರಸ್ಕಾರ ಮಾಡ್ರಿ. ಸೋಮವಾರಕ್ಕ ಬೇಕು."

ಬೀದರಿನ ಹುಡುಗರ ಹಾಜರಿಯನ್ನೂ ಸೇರಿಸಲೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಆಡಳಿತ ಮಂಡಳಿಯವರ ಮಕ್ಕಳು, ಅಳಿಯಂದಿರ ತಮ್ಮಂದಿರು ಎಲ್ಲ ಬೀದರಿನ ಲೆಕ್ಕದಲ್ಲಿ ಬರುತ್ತಿದ್ದರು. ಎರಡು ಊರು ಸಾಕು ಎಂದರು. ನನ್ನ ಶಾಸ್ತ್ರದ ಈ ಅಧ್ಯಾಯಕ್ಕೂ ಎರಡೇ ಸಾಕು, ಹೀಗಾಗಿ ನನ್ನ ಆತ್ಮಸಾಕ್ಷಿಗೆ ತೊಂದರೆಯಾಗಲಿಲ್ಲ.

ಎರಡು ಗುಂಪುಗಳ ಪ್ರಮಾಣ ಹೋಲಿಸುವುದು ಕಷ್ಟದ ವಿದ್ಯೆಯಲ್ಲ. ಮೊದಲು ಎರಡೂ ಊರಿನವರು ಒಂದೇ, ಕಂಡ ವ್ಯತ್ಯಾಸ ಬರೀ ಅದೃಷ್ಟದ ಆಟ ಎಂದು ಹಿಡಿಯಬೇಕು. ಶೂನ್ಯ ಊಹೆ ಎಂದರೆ ಇದು. ಆರೋಪಿ ನಿರಪರಾಧಿ ಎಂದು ಮೊದಲು ನಂಬಿದವರಂತೆ ಕೂರುತ್ತಾರಲ್ಲ, ಹಾಗೆ. ಆಮೇಲೆ ಕಂಡ ವ್ಯತ್ಯಾಸವನ್ನು, ಅದೃಷ್ಟವೊಂದೇ ಎಷ್ಟು ಅಲುಗಾಡಿಸಬಲ್ಲದೋ ಅದರಿಂದ ಭಾಗಿಸಬೇಕು. ಉತ್ತರ ಎರಡರ ಒಳಗಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಎರಡು ದಾಟಿದರೆ ಅದೃಷ್ಟದ ಮೇಲೆ ಹಾಕಲು ಬರುವುದಿಲ್ಲ, ಊಹೆಯನ್ನು ತಿರಸ್ಕರಿಸಬಹುದು. ಎಣಿಸಿದ್ದು ಹೆಚ್ಚಿದ್ದಷ್ಟೂ ಅದೃಷ್ಟದ ಅಲುಗಾಟ ಕಡಿಮೆ. ಇದೊಂದು ಮಾತನ್ನು ನೆನಪಿಡಿ, ಬೇರೆ ಏನೂ ಬೇಡ.

ಔರಾದದ ಮೂವತ್ತು ಜನ, ಇಪ್ಪತ್ತನಾಲ್ಕು ದಿನ. ಹಾಜರಿ ಪುಸ್ತಕದಲ್ಲಿ ಏಳುನೂರ ಇಪ್ಪತ್ತು ಚೌಕದ ಮನೆಗಳು, ಅವುಗಳಲ್ಲಿ ನೂರ ಎಂಬತ್ತೊಂದು ಚುಕ್ಕೆ. ನೂರಕ್ಕೆ ಇಪ್ಪತ್ತೈದು. ಭಾಲ್ಕಿಯ ನಲವತ್ತು ಜನ, ಒಂಬೈನೂರ ಅರವತ್ತು ಮನೆಗಳು, ಎಂಬತ್ತು ಚುಕ್ಕೆ. ನೂರಕ್ಕೆ ಎಂಟು. ವ್ಯತ್ಯಾಸ ಹದಿನೇಳು. ಭಾಗಿಸಿದೆ. ಎರಡು ಬಂದರೆ ಸಾಕಿತ್ತು, ಒಂಬತ್ತು ದಾಟಿತು. ನನ್ನ ಇಡೀ ವೃತ್ತಿಯಲ್ಲಿ ನನಗೆ ಒಂಬತ್ತು ಬಂದಿರಲಿಲ್ಲ. ವಿಶ್ವಾಸಾಂತರವನ್ನೂ ತೆಗೆದೆ. ಅಂದರೆ ನಿಜವಾದ ವ್ಯತ್ಯಾಸ ಇಂತಿಷ್ಟರಿಂದ ಇಂತಿಷ್ಟರೊಳಗೆ ಇದೆ ಎಂದು, ನೂರರಲ್ಲಿ ತೊಂಬತ್ತೈದು ಸಲ ತಪ್ಪದ ವಿಧಾನದಿಂದ, ಹಾಕುವ ಬೇಲಿ. ಹದಿಮೂರರಿಂದ ಇಪ್ಪತ್ತು. ಎಮ್ಮೆ ಒಳಗಿರುವುದು ಖಂಡಿತ ಎನ್ನುವಷ್ಟು ಬಿಗಿಯಾದ ಬೇಲಿ.

ಒಂಬತ್ತು ಬಂದಾಗ ಯಾವ ಲೆಕ್ಕಿಗನಾದರೂ ಎದ್ದು ಪುಸ್ತಕ ತಿರುವಿ ನೋಡಬೇಕು. ನಾನು ಎದ್ದು ಚಹಾ ಕುಡಿಯಲು ಹೋದೆ.

ವರದಿಯನ್ನು ನೋಟೀಸು ಬೋರ್ಡಿಗೆ ಹಚ್ಚಿದರು. ಭಾಲ್ಕಿಗೆ ಹಸಿರು ಕಂಬ, ಔರಾದಕ್ಕೆ ಕೆಂಪು ಕಂಬ. ಬಣ್ಣಗಳನ್ನು ಆರಿಸಿದವನು ನಾನೇ. ಅದೇ ಬೋರ್ಡಿನಲ್ಲಿ, ಅದೇ ವಾರ, ಹಾಜರಿ ಕಡಿಮೆಯಾಗಿ ಹಾಲ್ ಟಿಕೆಟ್ ತಡೆಹಿಡಿದವರ ಪಟ್ಟಿಯೂ ಬಂತು. ಮೇಲೆ ದೊಡ್ಡ ತಲೆಬರಹ, ಕೆಳಗೆ ಒಂದೇ ನಂಬರು. ಅರವತ್ತೆರಡು. ಔರಾದದ ಹುಡುಗಿ, ಕೊನೆಯ ಸೆಮಿಸ್ಟರು. ಅವಳ ಊರಿನ ಉಳಿದ ಇಪ್ಪತ್ತೊಂಬತ್ತು ಜನಕ್ಕೂ ಸರಿಯಾಗಿ ಹದಿನೆಂಟು ಗೀಟು ಇದ್ದವು, ಇವಳಿಗೆ ಹದಿನೇಳು. ಈ ಪರೀಕ್ಷೆಗೆ ಕೂರದಿದ್ದರೆ ಪದವಿ ಇಲ್ಲ, ಪದವಿ ಇಲ್ಲದಿದ್ದರೆ ಆ ವರ್ಷದ ಬಿ.ಎಡ್. ಸೀಟು ಇಲ್ಲ. ಒಂದು ಗೀಟಿಗೆ ಒಂದು ವರ್ಷ.

ಮಾರನೆಯ ಪಾಠಕ್ಕೆ ಪಠ್ಯದಲ್ಲಿ ಬಂದದ್ದು ಎರಡು ಪ್ರಮಾಣಗಳ ಹೋಲಿಕೆ. ಪುಸ್ತಕದ ಉದಾಹರಣೆ ಯಾವುದೋ ಬಲ್ಬಿನ ಕಾರ್ಖಾನೆಯದು. ಮನೆಯ ಹಿತ್ತಲಲ್ಲೇ ಬೆಳೆದದ್ದಿರುವಾಗ ಬಲ್ಬು ಏಕೆ ಎಂದು ನನ್ನ ವರದಿಯನ್ನೇ ಹಲಗೆಯ ಮೇಲೆ ಬರೆದೆ. ಎಡಗಡೆ ನಗು ಶುರುವಾಯಿತು. ಬಲಗಡೆಯವರು ಮೇಜಿನ ಮೇಲೆ ಪೆನ್ನು ಉರುಳಿಸುತ್ತಿದ್ದರು.

ಅರವತ್ತೆರಡು ಎದ್ದು ನಿಂತಳು.

"ಸರ, ಏಳನೂರಾ ಇಪ್ಪತ್ತು ಅಂತ ಬರದೀರಲ್ಲ, ಅಷ್ಟು ಎಲ್ಲಿಂದ ಬಂತ್ರಿ?"

"ಮೂವತ್ತ ಮಂದಿ, ಇಪ್ಪತ್ನಾಕ ದಿನ. ಗುಣಿಸವ್ವ."

"ಔರಾದದಾಗ ನಮ್ಮ ಅವ್ವಂದು ಗಿರಣಿ ಅದರಿ. ಒಂದೇ ಚೀಲ ಜ್ವಾಳ ಮೂವತ್ತ ಸಲ ತೂಗಿದ್ರ ಮೂವತ್ತ ಚೀಲ ಆಗ್ತಾವೇನ್ರಿ?"

ಎಡಗಡೆಯ ನಗು ಸ್ವಲ್ಪ ಕುಗ್ಗಿತು. ನಾನು ಅರ್ಥವಾಗದವನಂತೆ ನಿಂತೆ. ಅರ್ಥವಾಗಿರಲಿಲ್ಲ ಕೂಡ.

"ಬಸ್ ಬರಲಿಲ್ಲಂದ್ರ ನಾವ್ ಮೂವತ್ತೂ ಮಂದಿ ಬರಂಗಿಲ್ಲರಿ. ಅದು ಮೂವತ್ತ ಗೈರು ಅಲ್ಲರಿ ಸರ. ಒಂದು ಬಸ್."

ಎಡಗಡೆಯಿಂದ ಒಬ್ಬ, ಹಂಗಿದ್ರ ಹಾಲ್ ಟಿಕೆಟ್ ಕಂಡಕ್ಟರಗೇ ಕೊಡ್ರಿ ಸರ ಎಂದ. ಎಡಗಡೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವಳಿಗೆ, ಅದೆಲ್ಲ ಎಂ.ಎಸ್‌ಸಿ.ಯಲ್ಲಿ ಬರುತ್ತದೆ, ಈಗ ಕೂಡು ಎಂದೆ. ನಮ್ಮಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಗಳೆಲ್ಲ ಎಂ.ಎಸ್‌ಸಿ.ಯಲ್ಲಿ ಬರುತ್ತವೆ.

ಬರೆದದ್ದನ್ನು ಓದಿದರೆ ಅನುಮಾನ ಬರುತ್ತಿದೆ. ಅವಳು ಎದ್ದು ನಿಂತಿದ್ದಳೇ? ಬಾಗಿಲಿನ ಬೆಳಕು ಅವಳ ಹಿಂದಿನಿಂದ ಬೀಳುತ್ತಿದ್ದುದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ಬಾಗಿಲು ಪಶ್ಚಿಮಕ್ಕಿದೆ, ಬೆಳಿಗ್ಗೆ ಅಲ್ಲಿ ಬೆಳಕು ಬೀಳುವುದಿಲ್ಲ. ಜೋಳದ ಮಾತನ್ನು ಅವಳು ಅಷ್ಟು ಚೊಕ್ಕವಾಗಿ ಹೇಳಿದಳೋ, ಅಡ್ಡಾದಿಡ್ಡಿ ಹೇಳಿದ್ದನ್ನು ನಾನು ಇಷ್ಟು ದಿನ ಬೀಸಿ ಬೀಸಿ ನುಣ್ಣಗೆ ಮಾಡಿಕೊಂಡೆನೋ. ಒಂದು ಮಾತ್ರ ಖಚಿತ. ನಾನು ನಕ್ಕಿದ್ದೆ. ಬಲಗಡೆ ನಕ್ಕವರು ಯಾರೂ ಇರಲಿಲ್ಲ.

ಮಧ್ಯಾಹ್ನ ಹಾಜರಿ ಪುಸ್ತಕ ತೆಗೆದೆ. ವರದಿ ಬರೆಯುವಾಗ ನಾನು ಮೊತ್ತಗಳನ್ನಷ್ಟೇ ನೋಡಿದ್ದೆ. ಈಗ ಒಂದೊಂದೇ ದಿನದ ಸಾಲನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡಿದೆ. ಆರು ದಿನ ಔರಾದದ ಮೂವತ್ತೂ ಚುಕ್ಕೆ. ಉಳಿದ ದಿನಗಳಲ್ಲಿ, ಒಂದನ್ನು ಬಿಟ್ಟು, ಮೂವತ್ತೂ ಗೀಟು. ಎರಡು ದಿನ ಭಾಲ್ಕಿಯ ನಲವತ್ತೂ ಚುಕ್ಕೆ, ರೈಲು ಎಲ್ಲೋ ನಿಂತ ದಿನಗಳು. ಉಳಿದ ಇಪ್ಪತ್ತೆರಡು ದಿನ ನಲವತ್ತಕ್ಕೆ ನಲವತ್ತು ಗೀಟು. ಇಡೀ ಸೆಮಿಸ್ಟರಿನಲ್ಲಿ ಭಾಲ್ಕಿಯಲ್ಲಿ ಯಾರಿಗೂ ನೆಗಡಿಯಾಗಿಲ್ಲ, ಯಾರ ಮನೆಯಲ್ಲೂ ನಿಶ್ಚಿತಾರ್ಥವಾಗಿಲ್ಲ, ಯಾರ ಅಜ್ಜಿಯೂ ಸತ್ತಿಲ್ಲ.

ನಾನು ಬರೆದದ್ದು ವಿದ್ಯಾರ್ಥಿಗಳ ಹಾಜರಿಯಲ್ಲ, ಎರಡು ಗಾಡಿಗಳ ಹಾಜರಿ. ಇಪ್ಪತ್ತನಾಲ್ಕು ಸಲ ಹೊರಟ ಬಸ್ಸು ಆರು ಸಲ ಬರಲಿಲ್ಲ. ಎರಡು ಸಲ ಟೈರು, ಒಂದು ಸಲ ಮಾಂಜ್ರಾ ಸೇತುವೆಯ ಹತ್ತಿರ ಅಡ್ಡ ನಿಂತ ಕಬ್ಬಿನ ಲಾರಿ, ಉಳಿದ ಮೂರು ಏಕೆಂದು ಬಸ್ಸಿಗೂ ಗೊತ್ತಿಲ್ಲ. ಇಪ್ಪತ್ತನಾಲ್ಕು ಸಲ ಹೊರಟ ರೈಲು ಎರಡು ಸಲ ಬರಲಿಲ್ಲ. ಏಳುನೂರ ಇಪ್ಪತ್ತರ ಜಾಗದಲ್ಲಿ ಇಪ್ಪತ್ತನಾಲ್ಕು, ಒಂಬೈನೂರ ಅರವತ್ತರ ಜಾಗದಲ್ಲೂ ಇಪ್ಪತ್ತನಾಲ್ಕು ಇಟ್ಟು ತಿರುಗಿ ಭಾಗಿಸಿದೆ. ಒಂಬತ್ತು ಹೋಗಿ ಒಂದೂವರೆ ಬಂತು. ಹದಿಮೂರರಿಂದ ಇಪ್ಪತ್ತರ ಬಿಗಿ ಬೇಲಿ ಬಿದ್ದು, ಸೊನ್ನೆಗಿಂತ ನಾಲ್ಕು ಕೆಳಗಿನಿಂದ ಮೂವತ್ತೇಳರವರೆಗೆ ಬಯಲಾಯಿತು. ಇಷ್ಟು ಕಡಿಮೆ ಎಣಿಕೆಗೆ ಈ ಸೂತ್ರ ಹಾಕಬಾರದೆಂದು ಪುಸ್ತಕ ಹೇಳುತ್ತದೆ. ಇರಲಿ, ಪುಸ್ತಕದ ಮಾತು ಕೇಳುವ ಹೊತ್ತು ಮೀರಿತ್ತು. ಸೊನ್ನೆ ಬೇಲಿಯ ಒಳಗಿದೆ ಎಂದರೆ ಎರಡು ಊರಿನ ನಡುವೆ ವ್ಯತ್ಯಾಸವೇ ಇಲ್ಲದಿರಬಹುದು, ಔರಾದವೇ ಒಂದು ಕೈ ಮೇಲಿರಬಹುದು. ಎಮ್ಮೆ ಎಲ್ಲಿದೆ ಎಂದು ಹೇಳುವ ಅಧಿಕಾರ ನನಗಿಲ್ಲ ಎಂದರ್ಥ.

ಇಷ್ಟರಲ್ಲೂ ಒಂದು ಚುಕ್ಕೆ ಒಂಟಿಯಾಗಿ ಉಳಿಯಿತು. ಆರು ಮೂವತ್ತಲೆ ನೂರ ಎಂಬತ್ತು. ನನ್ನ ಲೆಕ್ಕ ನೂರ ಎಂಬತ್ತೊಂದು. ಬಸ್ಸು ಬಂದ ಒಂದು ದಿನ, ಇಪ್ಪತ್ತೊಂಬತ್ತು ಗೀಟುಗಳ ನಡುವೆ, ಅರವತ್ತೆರಡರ ಎದುರು.

ಲೆಕ್ಕ ಮುಚ್ಚಿದ್ದರೂ ರೂಢಿಯಂತೆ ಮುಂದಿನ ಪಾಠದಲ್ಲೂ ಹಾಜರಿ ಕರೆದೆ, ಈ ಸಲ ತಲೆ ಎತ್ತಿದೆ. ಒಮ್ಮೆಲೇ ಎತ್ತಲಿಲ್ಲ. ನಂಬರು ಕೂಗುತ್ತ, ಗೀಟು ಎಳೆಯುತ್ತ, ಕನ್ನಡಕದ ಮೇಲಂಚಿನಿಂದ. ಎಡಗಡೆ ಎರಡನೆಯ ಬೆಂಚಿನ ಹುಡುಗ ಹನ್ನೊಂದಕ್ಕೆ ತನ್ನ ದನಿಯಲ್ಲಿ, ಹದಿನಾಲ್ಕಕ್ಕೆ ಮೂಗಿನಿಂದ, ಹತ್ತೊಂಬತ್ತಕ್ಕೆ ಬೆಂಚಿನ ಕೆಳಗೆ ಬಾಗಿ ದೂರದವನಂತೆ ಉತ್ತರ ಕೊಟ್ಟ. ಬಲಗಡೆ ಒಬ್ಬ ಹುಡುಗ ಮೂರು ಹುಡುಗಿಯರ ಪರವಾಗಿ ಹಾಜರಾದ. ಎಲ್ಲವೂ ಅಭ್ಯಾಸ ಮಾಡಿದ ಮೇಳದಂತೆ, ಒಬ್ಬರ ಮೇಲೊಬ್ಬರು ಬೀಳದೆ ನಡೆಯುತ್ತಿತ್ತು. ಗಾಡಿ ಬಂತೆಂದರೆ ಊರಿಗೆ ಊರೇ ಬಂದಂತೆ. ಒಬ್ಬ ಇಳಿದರೂ ಸಾಕು. ಅವರ ಒಪ್ಪಂದ ಇದು, ಮತ್ತು ಇದನ್ನು ಅರಿಯದವನು ಇಡೀ ಕೋಣೆಯಲ್ಲಿ ನಾನೊಬ್ಬನೇ.

ತಲೆ ಎಣಿಸಿದೆ. ಭಾಲ್ಕಿಯ ನಲವತ್ತು ದನಿಗಳಿಗೆ ಇಪ್ಪತ್ತೆರಡು ತಲೆ. ಔರಾದದ ಮೂವತ್ತು ದನಿಗಳಿಗೆ ಹದಿನೇಳು ತಲೆ. ನೂರಕ್ಕೆ ಐವತ್ತೈದು, ನೂರಕ್ಕೆ ಐವತ್ತೇಳು. ಇದರ ಮೇಲೆ ಯಾವ ಪರೀಕ್ಷೆ ನಡೆಸಿದರೂ ವ್ಯತ್ಯಾಸ ಏಳುವುದಿಲ್ಲ. ಸುಳ್ಳು ಹೇಳುವುದರಲ್ಲಿ ಎರಡು ಊರುಗಳೂ ಸಮ.

ಪಾಠ ಮುಗಿದ ಮೇಲೆ ಅರವತ್ತೆರಡನ್ನು ವರಾಂಡದಲ್ಲಿ ನಿಲ್ಲಿಸಿ ಕೇಳಿದೆ. ಆ ದಿನ ಅವಳ ನಂಬರಿಗೆ ಮಾತ್ರ ಯಾರೂ ಏಕೆ ಕೂಗಲಿಲ್ಲ? ಅವಳು ಸತ್ಯಸಂಧೆ, ಬೇಡ ಎಂದು ಗೆಳತಿಯರಿಗೆ ಹೇಳಿದ್ದಳು ಎಂದು ಬರೆಯಲು ನನ್ನ ಕೈ ತುಡಿಯುತ್ತಿದೆ. ಹಾಗೆ ಬರೆದರೆ ಕಥೆ ನೆಟ್ಟಗೆ ನಿಲ್ಲುತ್ತದೆ. ಅವಳು ಹೇಳಿದ್ದು ಬೇರೆ.

"ಜ್ವರ ಬಂದಿತ್ತರಿ. ನನ್ನ ನಂಬರಿಗಿ ಬಾಯಿ ತೆರದ್ರ ನೋಡು ಅಂತ ಆ ಹುಡುಗಗ ಮದಲೇ ಹೇಳಿಟ್ಟಿದ್ದೆರಿ. ಅವ ನನ್ನ ದನಿ ತಗದ್ರ ಆಡ ಒದರಿದಂಗ ಇರ್ತದ, ಎಲ್ಲಾರೂ ನಗ್ತಾರ."

ಡಾಕ್ಟರ ಚೀಟಿ ಇದ್ದರೆ ಒಂದು ದಿನದ ಕೊರತೆ ಮನ್ನಾ ಆಗುತ್ತಿತ್ತು. ಇದೆಯೇ ಎಂದೆ. ಇಲ್ಲ, ಅವ್ವ ಕಷಾಯ ಕೊಟ್ಟಿದ್ದಳು ಎಂದಳು. ಕಷಾಯಕ್ಕೆ ಸರ್ಟಿಫಿಕೇಟು ಕೊಡುವ ಪದ್ಧತಿ ನಮ್ಮ ವಿಶ್ವವಿದ್ಯಾಲಯದಲ್ಲಿ ಇನ್ನೂ ಬಂದಿಲ್ಲ.

ಹೊಸ ಲೆಕ್ಕ ಹಿಡಿದು ಪ್ರಿನ್ಸಿಪಾಲರ ಹತ್ತಿರ ಹೋದೆ. ಬಸ್ಸಿನ ಮಾತು ಹೇಳಿದೆ, ಜೋಳದ ಚೀಲದ ಮಾತು ನನ್ನದೇ ಎಂಬಂತೆ ಹೇಳಿದೆ. ಅವರು ಹಾಳೆಯನ್ನು ದೂರ ಹಿಡಿದು ನೋಡಿದರು.

"ಇದೇನ್ರಿ, ಮೈನಸ್ ನಾಕು?"

"ಔರಾದದವ್ರೇ ಹೆಚ್ಚ ಬರ್ತಿರಬಹುದು ಅಂತರಿ ಸರ."

"ನೋಟೀಸ ಬೋರ್ಡಿಗಿ ಮೈನಸ್ ಹಚ್ಚಲಿಕ್ಕ ಬರ್ತದೇನ್ರಿ?"

ಆಮೇಲೆ ನಾನು ತಲೆಗಳ ಸಂಗತಿಯನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ತಾಳ್ಮೆಯಿಂದ, ಮಗುವಿಗೆ ಹೇಳುವಂತೆ ಹೇಳಿದರು. ದನಿ ಬೇರೆ, ತಲೆ ಬೇರೆ ಎಂದು ಕಾಗದದ ಮೇಲೆ ಬಂದರೆ ಎಪ್ಪತ್ತು ಜನರ ಹಾಲ್ ಟಿಕೆಟ್ಟೂ ನಿಲ್ಲುತ್ತವೆ. ಬೀದರಿನವರದನ್ನೂ ಎಣಿಸಬೇಕಾಗುತ್ತದೆ. ಸಮಿತಿ ಬರುವ ವಾರ ಹೀಗಾದರೆ ಕಾಲೇಜಿಗೆ ಬರುವ ದರ್ಜೆ ಯಾವುದೆಂದು ಅಕ್ಷರಮಾಲೆಯಲ್ಲಿ ಹುಡುಕಬೇಕಾಗುತ್ತದೆ. ಮತ್ತೆ, ಹಾಜರಿ ಪುಸ್ತಕದಲ್ಲಿ ಪ್ರತಿ ದಿನದ ಸಾಲಿನ ಕೆಳಗೆ ಸಹಿ ಯಾರದಿದೆ?

ನನ್ನದಿತ್ತು. ಇಪ್ಪತ್ತನಾಲ್ಕು ಕಡೆ, ಒಂದೂ ತಪ್ಪದೆ. ಆ ಪುಸ್ತಕದಲ್ಲಿ ನೂರಕ್ಕೆ ನೂರು ಹಾಜರಿ ಇದ್ದದ್ದು ನನ್ನ ಸಹಿಗೆ ಮಾತ್ರ.

ಹುಡುಗಿಯ ತಾಯಿಯನ್ನು ಗುರುವಾರ ಹತ್ತು ಗಂಟೆಗೆ ಬರಹೇಳಿದ್ದರು. ತಾಯಿ ಬಂದಾಗ ಹನ್ನೆರಡು ಹೊಡೆದಿತ್ತು. ಪ್ರಿನ್ಸಿಪಾಲರು ಗೋಡೆಯ ಗಡಿಯಾರ ನೋಡಿ, ಆಮೇಲೆ ನನ್ನನ್ನು ನೋಡಿ, ನೋಡ್ರಿ ಎಂಬಂತೆ ಹುಬ್ಬು ಎತ್ತಿದರು. ಔರಾದದ ನೂರ ಎಂಬತ್ತೆರಡನೆಯ ಗೈರು ಕಣ್ಣೆದುರಿಗೇ ಇತ್ತು.

"ತಡ ಆತ್ರಿ. ಬಸ್ಸಿನ ಟೈರ್ ಹೋತು," ಎಂದರು ತಾಯಿ.

ಗಟ್ಟಿ ಮೈಯ ಹೆಂಗಸು. ರವಿಕೆಯ ತೋಳಿನ ಮಡಿಕೆಯಲ್ಲಿ ಹಿಟ್ಟಿತ್ತು. ಇತ್ತೋ, ಗಿರಣಿ ಎಂದು ಕೇಳಿದ್ದರಿಂದ ನಾನೇ ಆಮೇಲೆ ಉದುರಿಸಿದೆನೋ. ಬೀದರಿಗೆ ಬರುವಾಗ ಅವರು ಸೀರೆ ಬದಲಿಸಿಯೇ ಬಂದಿರಬೇಕು. ಹಿಟ್ಟನ್ನು ಒರೆಸಿಬಿಡುತ್ತೇನೆ. ಹುಡುಗಿ ಅವರ ಪಕ್ಕ ನಿಂತಿದ್ದಳು. ಕುರ್ಚಿ ಎರಡೇ ಇದ್ದವು, ಒಂದರಲ್ಲಿ ನಾನು ಕೂತಿದ್ದೆ.

ಪ್ರಿನ್ಸಿಪಾಲರು ಬಹಳ ಮೃದುವಾಗಿ ಮಾತಾಡಿದರು. ಮಗಳ ಒಂದು ವರ್ಷ ಹಾಳಾಗಬಾರದು. ಅವಳು ಆ ದಿನ ಬಂದಿದ್ದಳು, ಸರ್ ಅವರ ಕಿವಿಗೆ ಬೀಳಲಿಲ್ಲ, ಅಷ್ಟೆ. ಒಂದು ಅರ್ಜಿ ಬರೆದುಕೊಟ್ಟರೆ ಸರ್ ಒಂದು ಗೀಟು ಎಳೆಯುತ್ತಾರೆ. ಹದಿನೆಂಟಾಗುತ್ತದೆ. ಎಲ್ಲರಿಗೂ ಹದಿನೆಂಟಿರುವಾಗ ಇವಳೊಬ್ಬಳಿಗೆ ಯಾಕೆ ಕಡಿಮೆ ಇರಬೇಕು?

"ನಾ ಬಂದಿಲ್ರಿ," ಎಂದಳು ಹುಡುಗಿ.

ಪ್ರಿನ್ಸಿಪಾಲರು ಖಾಲಿ ಹಾಳೆಯನ್ನು ಮೇಜಿನ ಆಚೆಗೆ ಸರಿಸಿದರು. ತಾಯಿ ಆ ಹಾಳೆಯನ್ನು ನೋಡಲಿಲ್ಲ. ನನ್ನ ತೊಡೆಯ ಮೇಲಿದ್ದ ಹಾಜರಿ ಪುಸ್ತಕವನ್ನು ನೋಡುತ್ತಿದ್ದರು.

"ಸರ, ನೀವು ಹೇಳ್ರಿ. ಈ ಪುಸ್ತಕದಾಗಿನ ಗೀಟೆಲ್ಲಾ ಖರೆ ಅವೇನ್ರಿ?"

ಸರಳವಾದ ಪ್ರಶ್ನೆ. ಎಂ.ಎಸ್‌ಸಿ.ಯಲ್ಲಿ ಬರುತ್ತದೆ ಎನ್ನಲು ಆಗುವುದಿಲ್ಲ. ನಾನು ತಲೆ ತಗ್ಗಿಸಿ ಪುಸ್ತಕ ಬಿಚ್ಚಿದೆ. ತಲೆ ತಗ್ಗಿಸುವುದು ನನಗೆ ರೂಢಿಯೇ ಇತ್ತು. ನನ್ನ ತಗ್ಗಿದ ತಲೆಯನ್ನು ನೋಡಿ ತಾಯಿ ಮಗಳ ಕಡೆ ತಿರುಗಿದರು.

"ಬರಿ ತಂಗಿ. ನಿನ್ನ ಖರೇತನ ಬೀಸಿದ್ರ ಹಿಟ್ಟ ಬೀಳಂಗಿಲ್ಲ."

ಹುಡುಗಿ ಬರೆದಳು. ನಾಲ್ಕು ಸಾಲು. ಮೂರನೆಯ ಸಾಲಿನಲ್ಲಿ 'ಹಾಜರಿದ್ದೆ' ಎಂಬ ಪದದ ಹತ್ತಿರ ಅವಳ ಪೆನ್ನು ನಿಂತಿತು, ಮತ್ತೆ ಹೋಯಿತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಷ್ಟು ಹೊತ್ತಿಗೆ ತಲೆ ಎತ್ತುವುದನ್ನು ಕಲಿತಿದ್ದೆ.

ಆಮೇಲೆ ನನ್ನ ಸರದಿ. ಚುಕ್ಕೆಯನ್ನು ಗೀಟು ಮಾಡುವುದು ಪ್ರಪಂಚದ ಅತಿ ಸುಲಭದ ಕೆಲಸ. ಅಳಿಸಬೇಕಿಲ್ಲ, ಬಿಳಿ ಬಣ್ಣ ಹಚ್ಚಬೇಕಿಲ್ಲ. ಮೇಲಿನಿಂದ ಕೆಳಗೆ ಎಳೆದರೆ ಚುಕ್ಕೆ ಗೀಟಿನ ಹೊಟ್ಟೆಯೊಳಗೆ ಹೋಗಿಬಿಡುತ್ತದೆ. ಒಬ್ಬ ವಿದ್ಯಾರ್ಥಿಯ ಬಗ್ಗೆ, ಗಾಡಿಯ ಬಗ್ಗೆ ಅಲ್ಲ, ನಾನು ಬರೆದುಕೊಂಡ ಒಂದೇ ಒಂದು ನಿಜವಾದ ಅಂಕಿ ಅದು. ಅದನ್ನು ಮುಗಿಸಲು ಅರ್ಧ ಸೆಕೆಂಡು ಸಾಕಾಯಿತು.

ಪೆನ್ನು ಹಿಡಿದು ನಾನು ಹಿಂಜರಿದೆ ಎಂದು ನನ್ನ ನೆನಪು ಹೇಳುತ್ತದೆ. ಕೈ ನಡುಗಿತು, ಕಿಟಕಿಯ ಹೊರಗೆ ನೋಡಿದೆ, ಇತ್ಯಾದಿ. ಈ ನೆನಪನ್ನು ನಾನು ನಂಬುವುದಿಲ್ಲ. ನನ್ನದೇ ಶಾಸ್ತ್ರದ ನಿಯಮದಂತೆ, ಹಿಂಜರಿಯಲಿಲ್ಲ ಎನ್ನುವುದನ್ನು ಶೂನ್ಯ ಊಹೆಯಾಗಿ ಹಿಡಿಯುತ್ತೇನೆ. ಅದನ್ನು ತಿರಸ್ಕರಿಸಲು ಸಾಕಾಗುವಷ್ಟು ಸಾಕ್ಷ್ಯ ನನ್ನ ಹತ್ತಿರ ಇಲ್ಲ. ಗೀಟನ್ನು ಈಗಲೂ ತೆಗೆದು ನೋಡಬಹುದು. ನೆಟ್ಟಗಿದೆ.

ಹಾಲ್ ಟಿಕೆಟ್ ಅಲ್ಲೇ ಕೊಟ್ಟರು. ಅವಳು ಪರೀಕ್ಷೆ ಬರೆದಳು, ಪಾಸಾದಳು, ಬಿ.ಎಡ್.ಗೆ ಹೋದಳು. ಆ ದಿನ ತಾಯಿ ಮಧ್ಯಾಹ್ನದ ಬಸ್ಸು ತಪ್ಪಬಾರದೆಂದು ಮುಂದೆ ನಡೆದರು. ಹುಡುಗಿ ಬಾಗಿಲ ಹತ್ತಿರ ನಿಂತು ತಿರುಗಿದಳು. ಬೆಳಕಿನ ಬಗ್ಗೆ ಏನೂ ಹೇಳುವುದಿಲ್ಲ.

"ಈಗ ನಿಮ್ಮ ಪುಸ್ತಕ ಬರೋಬ್ಬರಿ ಆತ್ರಿ ಸರ. ಈಗ ನಾನೂ ಬಸ್ಸಾದೆ."

ನೂರ ಎಂಬತ್ತೊಂದು ನೂರ ಎಂಬತ್ತಾಗಿತ್ತು. ವರದಿಯ ಅಂಕಿಗೂ ಪುಸ್ತಕದ ಅಂಕಿಗೂ ಹೊಂದಬೇಕಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕೂತು ಇಡೀ ಲೆಕ್ಕವನ್ನು ತಿರುಗಿ ಮಾಡಿದೆ. ಇಪ್ಪತ್ತೈದು ಇಪ್ಪತ್ತೈದೇ ಉಳಿಯಿತು. ಹದಿನೇಳು ಹದಿನೇಳೇ ಉಳಿಯಿತು. ಹದಿಮೂರರಿಂದ ಇಪ್ಪತ್ತರ ಬೇಲಿ ಒಂದು ಗೂಟವನ್ನೂ ಸರಿಸಲಿಲ್ಲ. ಕೆಂಪು ಕಂಬ ಇದ್ದಷ್ಟೇ ಎತ್ತರ ಇತ್ತು, ಹೊಸದಾಗಿ ಬರೆಯುವ ಅಗತ್ಯ ಬೀಳಲಿಲ್ಲ. ಸಮಿತಿಯವರು ಬಂದು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.